ತಮ್ಮನ ಚೌಕಗಳು

ನಮ್ಮ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿದ ಮೇಲೆ ಟಿವಿ ಹಚ್ಚುತ್ತೇವೆ, ಊಟಕ್ಕೆ ಕೂಡುವ ಮೊದಲು ಆರಿಸುತ್ತೇವೆ. ನಿಯಮ ನನ್ನದು. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ, ವಾರ್ಡಿನ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ತರಬೇತಿಯ ಹಾಸ್ಟೆಲಿನಲ್ಲಿ ಹಾಸಿಗೆಯ ಮೂಲೆ ಮಡಚುವುದಕ್ಕೂ ಒಂದು ರೀತಿ ಇತ್ತು. ತಪ್ಪಿದರೆ ಮೇಟ್ರನ್ ಇಡೀ ಹಾಸಿಗೆ ಕಿತ್ತುಹಾಕಿ ಮತ್ತೆ ಹಾಸಿಸುತ್ತಿದ್ದರು. ಅಲ್ಲಿ ಕಲಿತದ್ದು ಅಕ್ಕಲಕೋಟದ ಈ ಎರಡು ಕೋಣೆಯ ಮನೆಯಲ್ಲೂ ನಡೆಯುತ್ತದೆ. ಮದುವೆ ಆಗಲಿಲ್ಲ, ಹಾಗಾಗಿ ನಡೆಸುವುದಕ್ಕೆ ಅಡ್ಡಿ ಮಾಡುವವರೂ ಇರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ನನ್ನ ತಮ್ಮ ಇಲ್ಲಿಗೆ ಬಂದ. ಮಗನ ಮನೆ ಸೊಲ್ಲಾಪುರದಲ್ಲಿದೆ. ಅಲ್ಲಿ ಪ್ರೀತಿಗೆ ಕೊರತೆ ಇಲ್ಲ, ಜಾಗಕ್ಕೆ ಇದೆ. ತಮ್ಮನ ಕೆಲಸಕ್ಕೆ ಒಳ್ಳೆಯ ಬೆಳಕು ಬೇಕು, ದೊಡ್ಡ ಹಲಗೆ ಇಡಲು ಕಿಟಕಿಯ ಪಕ್ಕ ಸ್ಥಳ ಬೇಕು. ಎರಡೂ ನನ್ನಲ್ಲಿದ್ದವು.

ಅವನು ಚಾದರದ ಡಿಸೈನ್ ಬರೆಯುವವನು. ಸೊಲ್ಲಾಪುರದ ಚಾದರ ಹೊದ್ದವರಿಗೆ ಅದರ ಮೇಲಿನ ನವಿಲು, ಬಳ್ಳಿ, ಆನೆ ಗೊತ್ತು; ಅವು ಮಗ್ಗಕ್ಕೆ ಹೇಗೆ ಬಂದವೆಂದು ಯಾರೂ ಕೇಳುವುದಿಲ್ಲ. ಮೊದಲು ಒಬ್ಬರು ಗ್ರಾಫ್ ಕಾಗದದ ಮೇಲೆ ಸಣ್ಣ ಸಣ್ಣ ಚೌಕಗಳಿಗೆ ಬಣ್ಣ ತುಂಬಿ ಆ ನವಿಲನ್ನು ಬರೆಯಬೇಕು. ತುಂಬಿದ ಚೌಕವೆಂದರೆ ಅಲ್ಲಿ ಎಳೆ ಮೇಲೆ ಏಳಬೇಕು, ಖಾಲಿ ಚೌಕವೆಂದರೆ ಕೆಳಗೆ ಉಳಿಯಬೇಕು. ಅದನ್ನು ನೋಡಿಕೊಂಡು ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆಯುತ್ತಿದ್ದರು. ರಟ್ಟು ಹೇಳಿದಂತೆ ಮಗ್ಗ ನೇಯುತ್ತಿತ್ತು. ಒಂದು ಚೌಕ ತಪ್ಪಿದರೆ ತಪ್ಪುವುದು ಒಂದು ನವಿಲಲ್ಲ, ಚಾದರದ ಮೇಲಿನ ಪ್ರತಿಯೊಂದು ನವಿಲೂ ಅದೇ ಜಾಗದಲ್ಲಿ ಸೊಟ್ಟಾಗುತ್ತದೆ. ನನ್ನ ತಮ್ಮ ಮೀಸೆ ಮೂಡುವ ವಯಸ್ಸಿನಿಂದ ಒಂದೇ ಕಾರಖಾನೆಗೆ ಈ ಕೆಲಸ ಮಾಡಿದ. ಈಗಿನ ಮಾಲಕನ ಅಜ್ಜ, ಅಪ್ಪ, ಈಗ ಇವನು, ಮೂವರೂ ಅವನ ನವಿಲುಗಳನ್ನು ಮಾರಿದ್ದಾರೆ. ಕಂಪ್ಯೂಟರ್ ಬಂದ ಮೇಲೆ ಕೈಯಿಂದ ಬರೆಯುವ ಬೇರೆಯವರೆಲ್ಲ ಮನೆಗೆ ಹೋದರು. ನನ್ನ ತಮ್ಮನಿಗೆ ಮಾತ್ರ ಹಂಗಾಮಿಗೊಂದು ಡಿಸೈನ್ ಕೇಳಿ ಕಳಿಸುತ್ತಿದ್ದರು.

ಆಮೇಲೆ ಅವನಿಗೆ ಕಂಪವಾತ ಬಂತು. ಬಲಗೈ ಮೊದಲು. ಹೆಬ್ಬೆರಳು ತೋರುಬೆರಳು ಜಪಮಣಿ ಎಣಿಸುವಂತೆ ಸುಮ್ಮನೆ ಆಡುತ್ತಿದ್ದವು. ವಾರ್ಡಿನಲ್ಲಿ ಬೇಕಾದಷ್ಟು ನೋಡಿದ ರೋಗ. ಡಾಕ್ಟರು ಹೆಸರು ಹೇಳುವ ಮೊದಲೇ ನನಗೆ ತಿಳಿದಿತ್ತು. ಮಾತ್ರೆ, ವ್ಯಾಯಾಮ, ಊಟ ಎಲ್ಲಕ್ಕೂ ವೇಳೆ ಕಟ್ಟಿದೆ. ಅವನು ಹೆದರಲಿಲ್ಲ. ಅವನ ಕಸುಬಿನಲ್ಲೇ ಅದಕ್ಕೊಂದು ಧೈರ್ಯವಿತ್ತು. "ಮಸಿ ಚೌಕದ ಹೊರಗ ಹೋದ್ರ ಹೋಗ್ಲಿ ಅಕ್ಕಾ," ಎನ್ನುತ್ತಿದ್ದ. "ಪಂಚ್ ಮಾಡಾಂವಗ ಚಂದ ಬೇಕಾಗಿಲ್ಲ. ತುಂಬ್ಯದೋ ಖಾಲಿ ಅದನೋ, ಇಷ್ಟ ಬೇಕು. ಕಾಗದ ಹೊಲಸಾಗ್ತದ, ಚಾದರ ಹೊಲಸಾಗಂಗಿಲ್ಲ." ಮಾತು ನಿಜವೇ. ಆದರೆ ನಡುಗುವ ಕೈ ಮಸಿಯನ್ನು ಹೊರಗೆ ಚೆಲ್ಲುವುದಷ್ಟೇ ಅಲ್ಲ, ಒಂದು ಚೌಕ ಬಿಟ್ಟು ಪಕ್ಕದ್ದನ್ನೂ ತುಂಬುತ್ತದೆ. ಅದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಆ ಕಾರಖಾನೆಯಲ್ಲಿ ಅಜ್ಜನ ಕಾಲದ ಒಂದು ರೂಢಿ ಇದೆ. ಹೊಸ ಡಿಸೈನಿನ ಮೊದಲ ಚಾದರ ಅಂಗಡಿಗೆ ಹೋಗುವುದಿಲ್ಲ. ಕುಂಕುಮ ಹಚ್ಚಿ, ಡಿಸೈನ್ ಬರೆದವನ ಮನೆಗೆ ಕಳಿಸುತ್ತಾರೆ. ಕೈ ನಡುಗಲು ಶುರುವಾದ ಮೇಲೂ ಚಾದರ ಬಂತು. ತಮ್ಮ ಅದನ್ನು ಕಾಟಿನ ಮೇಲೆ ಹರವಿಸಿ, ನವಿಲಿನ ಕೊರಳ ಮೇಲೆ ಬೆರಳಾಡಿಸಿದ. ಒಂದು ಎಳೆಯೂ ಜಾಗ ತಪ್ಪಿರಲಿಲ್ಲ. "ನೋಡು," ಎಂದ. "ಕೈ ನಡಗಿದ್ರೂ ಚೌಕ ತಪ್ಪಿಲ್ಲ." ಮೂಳೆ ಕೂಡಿಕೊಂಡಿದೆ ಎಂದು ಎಕ್ಸ್‌ರೇ ನೋಡಿ ತಿಳಿದ ರೋಗಿಯ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ.

ಕೊರಿಯಾದ ಧಾರಾವಾಹಿಯನ್ನು ಮನೆಗೆ ತಂದವಳು ಅವನ ಮೊಮ್ಮಗಳು. ಸೊಲ್ಲಾಪುರದಲ್ಲಿ ಕಾಲೇಜಿಗೆ ಹೋಗುವ ಹುಡುಗಿ, ದೀಪಾವಳಿಗೆ ಬಂದಾಗ ಟಿವಿಗೆ ಏನೋ ಜೋಡಿಸಿ, ಹಿಂದಿಯಲ್ಲಿ ಕೇಳುವಂತೆ ಮಾಡಿಕೊಟ್ಟಳು.

"ಅಜ್ಜಾ, ಇದರಾಗ ನಿಮ್ಮಂಗ ಚಿತ್ರ ತಗಿಯೋ ಮಂದಿ ಅದಾರ. ನೋಡ್ರಿ, ಮಸ್ತ ಅದ."

"ಚೀನಾದವರೇನ?"

"ಕೊರಿಯಾ, ಅಜ್ಜಾ."

"ಚಾದರ ನೇಯ್ತಾರೇನ ಅಲ್ಲಿ?"

ಚಾದರವಲ್ಲ, ಚಿತ್ರಕಥೆ. ಮೊಬೈಲಿನಲ್ಲಿ ವಾರ ವಾರ ಬರುವ ಚಿತ್ರಕಥೆಗಳನ್ನು ಪ್ರಕಟಿಸುವ ಒಂದು ಆಫೀಸು. ಚಿತ್ರ ಬರೆಯುವವರು ತಮ್ಮ ತಮ್ಮ ಮನೆಗಳಲ್ಲಿ ಕೂತಿರುತ್ತಾರೆ. ಆಫೀಸಿನವರು ಅವರಿಗೆ ಫೋನು ಮಾಡಿ, ಬಾಗಿಲು ಬಡಿದು, ಕೆಲವೊಮ್ಮೆ ಅನ್ನ ಬೇಯಿಸಿ ಹಾಕಿ, ವೇಳೆಗೆ ಸರಿಯಾಗಿ ಚಿತ್ರ ಬರೆಸಿಕೊಳ್ಳಬೇಕು. ಹೊಸದಾಗಿ ಸೇರಿದ ಒಬ್ಬ ಹುಡುಗಿ, ಅವಳ ಮೇಲೆ ಸಿಟ್ಟಿನ ಸ್ವಭಾವದ ಒಬ್ಬ ಅಧಿಕಾರಿ ಹೆಂಗಸು, ಗೋಡೆಯ ಮೇಲೆ ಯಾರ ಕೆಲಸ ಯಾವ ದಿನ ಎಂಬ ದೊಡ್ಡ ಹಲಗೆ. ನನಗೆ ಆ ಹಲಗೆ ಇಷ್ಟವಾಯಿತು. ಡ್ಯೂಟಿ ಚಾರ್ಟಿನಂತೆಯೇ ಇತ್ತು. ತಮ್ಮನಿಗೆ ಚಿತ್ರ ಬರೆಯುವವರು ಇಷ್ಟವಾದರು, ಅದರಲ್ಲೂ ತಡ ಮಾಡುವವರು.

"ಆ ಸಿಟ್ಟಿನ ಆಫೀಸರ್ ಬಾಯಿ ನಿನ್ನಂಗ ಅದಾಳ ನೋಡು," ಎನ್ನುತ್ತಿದ್ದ. "ಮೂಗಿನ ಮ್ಯಾಲ ಥರ್ಮಾಮೀಟರ್ ಇಟಗೊಂಡ ಓಡ್ಯಾಡ್ತಾಳ."

"ಅಕಿ ಇರದಿದ್ರ ಆಫೀಸ ಮುಚ್ಚತಿತ್ತು."

"ಮುಚ್ಚಲಿ ಬಿಡು. ಚಿತ್ರ ಅಂದ್ರ ಇಡ್ಲಿ ಏನ, ಇಷ್ಟ ಹೊತ್ತಿಗೆ ಬೇಯಬೇಕ ಅನ್ನಾಕ?"

"ನಿನಗ ಹತ್ತಕ್ಕ ಹಲಗಿ ಹಾಕದಿದ್ರ ನೀ ಮಧ್ಯಾಹ್ನತನಕ ಹಲ್ಲ ತಿಕ್ಕೋತ ನಿಂದರ್ತಿದ್ದಿ."

"ಅದೂ ಖರೆ," ಎಂದು ನಗುತ್ತಿದ್ದ. ಹೆಂಡತಿ ಹೋದ ಮೇಲೆ ಅವನು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ದಿನಕ್ಕೆ ಒಂದೇ ಕಂತು ಎಂಬ ನನ್ನ ನಿಯಮಕ್ಕೂ ಗೊಣಗಲಿಲ್ಲ.

ಆ ಚಳಿಗಾಲದಲ್ಲೇ ನಾನು ಅವನ ಮಾತ್ರೆ ತರಲು ಸೊಲ್ಲಾಪುರಕ್ಕೆ ಹೋದೆ. ಅವನು ಮುಗಿಸಿದ್ದ ಡಿಸೈನಿನ ಸುರುಳಿಯೂ ಕೈಯಲ್ಲಿತ್ತು. ಮೊದಲೆಲ್ಲ ತಾನೇ ಒಯ್ದು ಕೊಡುತ್ತಿದ್ದ. ಈಗ ಬಸ್ಸಿನ ಮೆಟ್ಟಿಲು ಹತ್ತುವಾಗ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿತ್ತು. ಮಾಲಕ, ಮೂವತ್ತರ ಆಚೀಚಿನ ಹುಡುಗ, ನನ್ನನ್ನು ಕೂಡಿಸಿ ಚಹಾ ತರಿಸಿದ. ನನಗೆ ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ ಮಾವಶಿ ಎನ್ನುತ್ತಾನೆ, ತಮ್ಮನಿಗೆ ಕಾಕಾ. ಸುರುಳಿ ಬಿಚ್ಚಿ ನೋಡಿ, ಮತ್ತೆ ಸುತ್ತಿದ.

"ಮಾವಶಿ, ಕಾಕಾಂದ ತಬ್ಯೇತ ಹ್ಯಾಂಗದ?"

"ಇದ್ದಂಗ ಅದ. ಯಾಕ?"

ಅವನು ಗಾಜಿನ ಕೋಣೆಯ ಕಡೆ ನೋಡಿದ. ಅಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಹೆಣ್ಣುಮಗಳು ಕೂತಿದ್ದಳು, ಪಕ್ಕದ ಗೋಡೆಗೆ ತಮ್ಮನ ಹಳೆಯ ಗ್ರಾಫೊಂದನ್ನು ಅಂಟಿಸಿದ್ದರು. "ಕಾಕಾಂದ ಡಿಸೈನ ಈಗ ಹಂಗ ಮಗ್ಗಕ್ಕ ಹಚ್ಚಾಕ ಬರಂಗಿಲ್ಲರಿ. ಆ ವಳಸಂಗದ ಬಾಯಿ ಮತ್ತ ಮೊದಲಿಂದ ತುಂಬತಾಳ. ಎರಡ ವರ್ಷಾತು. ನೀವು ಮಾತ್ರ ಅವ್ರಿಗೆ ಹೇಳಬ್ಯಾಡ್ರಿ. ಅಜ್ಜಾ ಸಾಯೋ ಮುಂದ ಹೇಳ್ಯಾನ, ಕಾಕಾನ ಕೈಯಾಗಿಂದ ಕೆಲಸ ಕಸೀಬ್ಯಾಡ ಅಂತ."

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಚಹಾ ಕುಡಿದು, ಮಾತ್ರೆಯ ಚೀಲ ಹಿಡಿದುಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದಾಗ ತಮ್ಮ ಕೇಳಿದ, "ಏನಂದ?" "ಚಲೋ ಆಗ್ಯದ ಅಂದ," ಎಂದೆ. ಬೇರೇನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿ, ಏನೂ ಹೊಳೆಯದೆ ಅದನ್ನೇ ಹೇಳಿದೆ.

ಧಾರಾವಾಹಿಯಲ್ಲಿ ಮುದುಕಿಯೊಬ್ಬಳು ಬಂದದ್ದು ಆಮೇಲಿನ ವಾರ. ಆಫೀಸಿಗೆ ಎಲ್ಲರಿಗಿಂತ ಹಳೆಯ ಚಿತ್ರಗಾರ್ತಿ, ಹಳ್ಳಿಯ ಭೂತ ಪ್ರೇತಗಳ ಕಥೆ ಬರೆಯುವವಳು. ಅವಳ ಗೆರೆ ಈಚೆಗೆ ಹದ ತಪ್ಪಿದೆ. ಯಾರಿಗೂ ಹೇಳುವ ಧೈರ್ಯವಿಲ್ಲ. ಹೊಸ ಹುಡುಗಿಯೇ ಆ ಗೆರೆಗಳ ಮೇಲೆ ಇನ್ನೊಮ್ಮೆ ಗೆರೆ ಎಳೆದು ತಿದ್ದಿ, ಮುದುಕಿಯ ಹೆಸರಿನಲ್ಲೇ ಪ್ರಕಟಿಸುತ್ತಾಳೆ. ಓದಿದ ಜನ ಹೊಗಳುತ್ತಾರೆ. ಮುದುಕಿ ಆ ಹೊಗಳಿಕೆಯನ್ನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದುತ್ತಾಳೆ.

ನಾನು ಎದ್ದು ಟಿವಿ ಆರಿಸಬಹುದಿತ್ತು. ಊಟದ ಹೊತ್ತೂ ಸಮೀಪಿಸಿತ್ತು. ತಮ್ಮ ಮುಂದಕ್ಕೆ ಬಾಗಿ ನೋಡುತ್ತಿದ್ದ. ಅವನ ಬಲಗೈ ತೊಡೆಯ ಮೇಲೆ ಕುಣಿಯುತ್ತಿತ್ತು, ಅದನ್ನು ಎಡಗೈಯಿಂದ ಒತ್ತಿ ಹಿಡಿದಿದ್ದ. ಕಂತು ಮುಗಿಯಿತು.

"ಇವ್ರು ಎಂಥಾ ಮಂದಿ," ಎಂದ.

"ಮುದುಕಿ ಮ್ಯಾಲಿನ ಪ್ರೀತಿಗೆ ಮಾಡ್ಯಾರ."

"ಪ್ರೀತಿ? ಮುದುಕೀನ ಗೊಂಬಿ ಮಾಡಿ ಕುಂಡರ್ಸ್ಯಾರ. ಹೇಳಬೇಕಿತ್ತು."

"ಹೇಳಿದ್ರ ಆಕಿ ಎದಿ ಒಡಕೋತಾಳ."

"ಒಡಕೊಳ್ಳಿ. ಎದಿ ಆಕೀದು, ಕೈ ಆಕೀದು." ನನ್ನ ಕಡೆ ತಿರುಗಿದ. ನಾಲ್ಕು ದಶಕ ಆಸ್ಪತ್ರೆಯಲ್ಲಿ ಇದ್ದ ನನ್ನ ಅಭಿಪ್ರಾಯ ಕೇಳುವ ರೀತಿಯಲ್ಲೇ ಕೇಳಿದ. "ನೀ ಆದ್ರ ಹೇಳ್ತಿದ್ದೋ ಇಲ್ಲೋ, ಅಕ್ಕಾ?"

ರೊಟ್ಟಿ ಆರುತ್ತದೆ ಎಂದು ಎದ್ದೆ.

ವಾರ್ಡಿನಲ್ಲಿ ನಾವು ಕಲಿತ ಕ್ರಮ ಹೀಗೆ: ಕೆಟ್ಟ ಸುದ್ದಿಯನ್ನು ಮಲಗುವ ಹೊತ್ತಿಗೆ ಹೇಳಬಾರದು, ಹಸಿದಿದ್ದಾಗ ಹೇಳಬಾರದು, ನಿಂತುಕೊಂಡು ಹೇಳಬಾರದು. ರೋಗಿ ತಾನಾಗಿ ಕೇಳಿದ ಮೇಲೆ ಸುಳ್ಳು ಹೇಳಬಾರದು. ತಮ್ಮ ಕೇಳಿದ್ದ, ಟಿವಿಯ ಮುದುಕಿಯ ಹೆಸರಿನಲ್ಲಿ ಕೇಳಿದ್ದನೆಂಬುದು ನನಗೆ ನೆಪವಾಗಲಿಲ್ಲ. ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದು, ಮಾತ್ರೆ ನುಂಗಿ ಅವನು ಕೂತಿದ್ದಾಗ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಹೇಳಿದೆ. ಮಾಲಕ ಹೇಳಿದ್ದನ್ನು ಹೆಚ್ಚು ಕಡಿಮೆ ಮಾಡದೆ ಹೇಳಿದೆ.

ಅವನು ಕರವಸ್ತ್ರ ಮಡಚುತ್ತಿದ್ದ. ಅದು ಮಡಿಕೆಗೆ ಸಿಗುತ್ತಿರಲಿಲ್ಲ. ಬಿಡದೆ ಮಡಚಿ ಮುಗಿಸಿದ.

"ಮೊನ್ನಿ ಬಂದ ಚಾದರ?"

"ಅದೂ ಅಕೀದ."

"ಯಾವ ಊರಾಕಿ?"

"ವಳಸಂಗ. ದಿನಾ ಬಂದು ಹೋಗ್ತಾಳ."

"ನಾಳಿ ನನ್ನ ಕರಕೊಂಡ ನಡಿ," ಎಂದ. "ಬಸ್ ಹತ್ತಾಕ ಆಗದಿದ್ರ ಎತ್ತಿ ಒಗಿಸು."

ಎತ್ತಿ ಒಗೆಯಬೇಕಾಗಲಿಲ್ಲ. ಕಂಡಕ್ಟರು ಇಳಿದು ಬಂದು ಕಂಕುಳಿಗೆ ಕೈ ಕೊಟ್ಟ. ವಳಸಂಗದಲ್ಲಿ ಬಸ್ಸು ತುಂಬಿತು. ಟಿಫಿನ್ ಡಬ್ಬಿ ಹಿಡಿದ ಹೆಂಗಸರು ಹತ್ತಿದರು. ತಮ್ಮ ಪ್ರತಿಯೊಬ್ಬಳ ಕೈಯನ್ನೂ ನೋಡುತ್ತಿದ್ದ. ಇವರಲ್ಲಿ ಯಾರೋ ಎಂದು ಹುಡುಕುತ್ತಿರಬೇಕು.

ಕಾರಖಾನೆಯಲ್ಲಿ ಮಾಲಕ ತಮ್ಮನನ್ನು ಕಂಡು ಎದ್ದುನಿಂತ. ನನ್ನನ್ನು ನೋಡಿದ, ನೋಟದಲ್ಲಿ ದೂರಿತ್ತು. ತಮ್ಮ ಅವನ ಬೆನ್ನು ತಟ್ಟಿ, "ನಿನ್ನ ಅಜ್ಜನ ಮಾತ ನೀ ನಡಿಸಿದಿ, ಅದಕ್ಕ ನಾ ಏನೂ ಅನ್ನಂಗಿಲ್ಲ. ಅಕಿ ಎಲ್ಲಿ ಕುಂಡರ್ತಾಳ ತೋರಸು," ಎಂದ.

ಗಾಜಿನ ಕೋಣೆಯ ಹೆಣ್ಣುಮಗಳು ಎದ್ದು ನಿಂತಳು, ಸೆರಗು ಎಳೆದುಕೊಂಡಳು, ಕಾಲಿಗೆ ಬೀಳಲು ಬಾಗಿದಳು. ತಮ್ಮ ತಡೆದ. "ಬ್ಯಾಡರಿ ಬಾಯಿ. ಕುಂಡ್ರಿ. ನನ್ನ ಹೊಸಾ ಡಿಸೈನ ತಗೀರಿ. ನೀವು ಹ್ಯಾಂಗ ಮಾಡ್ತೀರಿ ನೋಡ್ತೀನಿ."

"ನೀವು ಮುಂದ ಕುಂತ್ರ ನನ್ನ ಕೈ ನಡೀವಲ್ದರಿ, ಕಾಕಾ."

"ನನ್ನ ಕೈ ಅಂತೂ ನಡೀವಲ್ದು. ನಿಮ್ದರ ನಡೀಲಿ."

ಅವಳು ನಗಬೇಕೋ ಬೇಡವೋ ತಿಳಿಯದೆ ಕೂತಳು. ಪರದೆಯ ಮೇಲೆ ತಮ್ಮನ ಗ್ರಾಫಿನ ಚಿತ್ರ ಬಂತು. ಅವಳು ಕ್ಲಿಕ್ ಮಾಡುತ್ತ ಹೋದಂತೆ ಚೌಕಗಳು ಒಂದೊಂದಾಗಿ ಜಾಗಕ್ಕೆ ಬಂದವು. ಅವನು ಎರಡು ತಿಂಗಳು ಕಿಟಕಿಯ ಪಕ್ಕ ಕೂತು ಬರೆದ ರೆಕ್ಕೆ, ಹೊರಗೆ ಚಹಾದವನು ಬಂದು ಹೋಗುವಷ್ಟರಲ್ಲಿ ನೆಟ್ಟಗಾಯಿತು. ತಮ್ಮ ಕಣ್ಣು ಮಿಟುಕಿಸದೆ ನೋಡಿದ. "ಚಲೋ ಮಾಡ್ತೀರಿ," ಎಂದ. ಆ ಮಾತು ಅವನು ಮನಸಿನಿಂದಲೇ ಹೇಳಿದ. ಕಸುಬಿನ ವಿಷಯದಲ್ಲಿ ಅವನು ಯಾರನ್ನೂ ಸುಮ್ಮನೆ ಹೊಗಳಿದವನಲ್ಲ.

ಆಮೇಲೆ ಮಾಲಕನಿಗೆ ಹೇಳಿದ, "ತಿದ್ದಿದ್ದ ಬ್ಯಾಡ. ನಾ ತುಂಬಿದ್ದ ಹ್ಯಾಂಗ ಅದನೋ ಹಂಗ ಒಂದ ತುಂಡ ನೇಯಿಸು."

"ಕಾಕಾ, ಅದೆಲ್ಲಾ ಯಾಕರಿ ಈಗ."

"ನೇಯಿಸು, ಅಂದೆ."

ಹೊಸ ಮಗ್ಗಕ್ಕೆ ರಟ್ಟು ಬೇಡ, ಕಂಪ್ಯೂಟರಿನಿಂದಲೇ ಚಿತ್ರ ಹೋಗುತ್ತದೆ. ಮಾದರಿ ನೇಯುವ ಮಗ್ಗಕ್ಕೆ ಅದನ್ನು ಹಾಕಿದರು. ಮಗ್ಗಗಳ ಸದ್ದಿನಲ್ಲಿ ಯಾರ ಮಾತು ಯಾರಿಗೂ ಕೇಳದು. ಅವನಿಗೊಂದು ಸ್ಟೂಲು ಕೊಟ್ಟರು, ನಾನು ಹಿಂದೆ ನಿಂತೆ. ಬಟ್ಟೆ ಒಂದೊಂದೇ ಬೆರಳಿನಷ್ಟು ಕೆಳಗೆ ಇಳಿಯತೊಡಗಿತು. ಮೊದಲು ಕಾಲು ಕಂಡವು, ಆಮೇಲೆ ಹೊಟ್ಟೆ, ಆಮೇಲೆ ಕೊರಳು. ಸಾಲಿನಲ್ಲಿದ್ದ ನವಿಲುಗಳೆಲ್ಲ ಒಂದೇ ಕಡೆ ಕೊರಳು ಮುರಿದುಕೊಂಡಿದ್ದವು. ರೆಕ್ಕೆಯ ಅಂಚು ಗರಗಸದ ಹಲ್ಲಿನಂತಿತ್ತು. ಕಣ್ಣು ಇರಬೇಕಾದ ಜಾಗ ಬಿಟ್ಟು ಕೊಕ್ಕಿನ ಮೇಲೆ ಬಂದಿತ್ತು. ಒಂದರ ಪಕ್ಕ ಒಂದು, ಅದರ ಮೇಲೆ ಇನ್ನೊಂದು ಸಾಲು, ಅದೇ ಕೊರಳು, ಅದೇ ಕಣ್ಣು. ಅಲ್ಲಿನ ನೇಕಾರನೊಬ್ಬ ಬಂದು ನೋಡಿ, ತನ್ನ ಮಗ್ಗಕ್ಕೆ ಹಿಂತಿರುಗಿದ.

ಮಗ್ಗ ನಿಲ್ಲಿಸಿದ ಮೇಲೆ ತಮ್ಮ ಬಟ್ಟೆಯ ಮೇಲೆ ಕೈ ಇಟ್ಟ. ಕೈ ಅದರ ಮೇಲೂ ನಡುಗುತ್ತಿತ್ತು.

"ಇಷ್ಟ ನಡಗತೀನೇನ ನಾ?" ಎಂದು ನನ್ನನ್ನು ಕೇಳಿದ.

"ಹೌದು," ಎಂದೆ.

ಮಾಲಕ ಕೆಲಸ ಬಿಡಬೇಡಿ, ಮನೆಯಲ್ಲಿ ಕೂತು ಬರೀ ಯೋಚನೆ ಹೇಳಿದರೂ ಸಾಕು ಎಂದೆಲ್ಲ ಹೇಳಿದ. ತಮ್ಮ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಇನ್ನು ಗ್ರಾಫ್ ಕಾಗದ ಕಳಿಸಬೇಡ ಎಂದ. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತ. ಊರು ಬರುವವರೆಗೆ ಒಂದೇ ಒಂದು ಮಾತಾಡಿದ, ಅದೂ ಮುಂದಿನ ಸೀಟಿನ ಕೂಸು ಅಳುತ್ತಿದ್ದುದಕ್ಕೆ: "ಅದಕ ಬಿಸಿಲ ಬೀಳಾಕತ್ತದರಿ, ಪಡದಾ ಎಳೀರಿ."

ಧಾರಾವಾಹಿಯ ಮುಂದಿನ ಕಂತನ್ನು ನಾನೇ ಹಚ್ಚಿದೆ. ಹಚ್ಚದೆ ಇದ್ದರೆ ಅದೂ ಒಂದು ಮಾತಾಗುತ್ತದೆ ಎನಿಸಿತು. ಅದರಲ್ಲಿ ಮುದುಕಿಗೆ ನಿಜ ತಿಳಿಯಿತು. ಅವಳು ಅತ್ತಳು, ಮಳೆಯಲ್ಲಿ ನಡೆದಳು, ಹೊಸ ಹುಡುಗಿಯನ್ನು ಕ್ಷಮಿಸಿದಳು. ಆಫೀಸಿನವರೆಲ್ಲ ಎದ್ದು ನಿಂತು ಹೂಗುಚ್ಛ ಕೊಟ್ಟು ಚಪ್ಪಾಳೆ ತಟ್ಟಿದರು. ಮುದುಕಿ ಸಮುದ್ರದ ದಂಡೆಯ ಊರಿಗೆ ಹೋಗಿ ಮಕ್ಕಳಿಗೆ ಚಿತ್ರ ಕಲಿಸಿದಳು, ಮುಖದಲ್ಲಿ ನಗು. ಎಲ್ಲವೂ ಒಂದೇ ಕಂತಿನಲ್ಲಿ.

"ಭಾಳ ಲಗೂ ಮುಗಿಸಿದ್ರು," ಎಂದ ತಮ್ಮ. ಮರುದಿನ ಸಂಜೆ ಟಿವಿಯ ಮುಂದೆ ಬಂದು ಕೂಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಆ ಆಫೀಸಿನ ಉಳಿದ ಕಥೆ ಏನಾಯಿತೋ ನನಗೆ ತಿಳಿಯದು.

ಕೆಲಸ ನಿಂತ ಮೇಲೆ ರೋಗ ಬೇಗ ಬೇಗ ನಡೆಯಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಡಾಕ್ಟರನ್ನು ಕೇಳಿದೆ. ಈ ರೋಗ ಹೀಗೇ ಎಂದು ಹೇಳಲಾಗದು ಎಂದರು. ನಾನೂ ರೋಗಿಗಳ ಮನೆಯವರಿಗೆ ಇದನ್ನೇ ಹೇಳುತ್ತಿದ್ದೆ. ಗುಂಡಿ ಹಾಕುವುದು, ತುತ್ತು ಬಾಯಿಗೆ ಒಯ್ಯುವುದು ಒಂದೊಂದಾಗಿ ನನ್ನ ಪಾಲಿಗೆ ಬಂದವು. ಅವನು ಯಾವುದಕ್ಕೂ ತಕರಾರು ಮಾಡಲಿಲ್ಲ. ಅದೇ ನನಗೆ ಕಷ್ಟವಾಯಿತು. ವಾರ್ಡಿನಲ್ಲಿ ತಕರಾರು ಮಾಡುವ ರೋಗಿಯ ಬಗ್ಗೆ ನಮಗೆ ಚಿಂತೆ ಇರುತ್ತಿರಲಿಲ್ಲ.

ಈ ವರ್ಷ ಬೇಸಿಗೆಯ ಮೊದಲಿಗೆ ವಳಸಂಗದ ಆ ಹೆಣ್ಣುಮಗಳು ಮನೆಗೆ ಬಂದಳು. ರಜೆಯ ದಿನ ಅಕ್ಕಲಕೋಟಕ್ಕೆ ದೇವರ ದರ್ಶನಕ್ಕೆ ಬಂದಿದ್ದಳಂತೆ. ಪ್ರಸಾದ ಕೊಟ್ಟು, ಕಾಟಿನ ಪಕ್ಕ ನೆಲದ ಮೇಲೆ ಕೂತಳು. ಕುರ್ಚಿ ಕೊಟ್ಟರೂ ಏರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊಬೈಲು ತೆಗೆದು ತಮ್ಮನ ಮುಂದೆ ಹಿಡಿದಳು.

"ಕಾಕಾ, ಅಂಚಿಗೆ ಒಂದ ಬಳ್ಳಿ ಮಾಡೀನಿ. ಮೂಲ್ಯಾಗ ಹೊರಳೂ ಮುಂದ ಮುರದಂಗ ಕಾಣಸ್ತದ. ಹ್ಯಾಂಗ ಮಾಡ್ಲಿರಿ?"

ತಮ್ಮ ನೋಡಿದ. ನಾನು ಕನ್ನಡಕ ತಂದು ಹಾಕಿದೆ, ಮತ್ತೆ ನೋಡಿದ. ತುಟಿ ಅಲುಗಿದವು. ಎಲ್ಲಿ ತಿದ್ದಬೇಕೆಂದು ಹೇಳುತ್ತಾನೆ ಎಂದುಕೊಂಡೆ.

"ನೀವು ಮಾಡಿದ್ದ ಬರೋಬ್ಬರಿ ಅದ," ಎಂದ. ಧ್ವನಿ ಈಗ ಬಹಳ ಸಣ್ಣದು. ಅವಳು ಬಾಗಿ ಕೇಳಿಸಿಕೊಳ್ಳಬೇಕಾಯಿತು. ಆಮೇಲೆ ಅವಳ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಮರಳಿ ಹೋಗಲು ಬಸ್ಸು ಎಷ್ಟಕ್ಕಿದೆ ಎಂದೆಲ್ಲ ವಿಚಾರಿಸಿದ. ಅವಳು ಚಹಾ ಕುಡಿದು, ಈ ಸಲ ಅವನು ತಡೆಯುವ ಮೊದಲೇ ಕಾಲು ಮುಟ್ಟಿ ಹೊರಟಳು.

ನಾನು ಬಾಗಿಲವರೆಗೆ ಹೋಗಿ ಬಂದೆ. ತಮ್ಮ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಬಂದಿರಬೇಕೆಂದು ಹೊದಿಕೆ ಸರಿ ಮಾಡಿದೆ.

"ಅಕ್ಕಾ, ಅಕಿ ಖರೇನ ಕೇಳಾಕ ಬಂದಿದ್ಲೋ, ಮಾಲಕ ಕಳಿಸಿದ್ನೋ?"

"ನನಗ ಗೊತ್ತಿಲ್ಲ."

"ನನಗೂ ಗೊತ್ತಾಗವಲ್ದು," ಎಂದ. "ಇನ್ನ ಯಾರ ಏನ ಕೇಳಿದ್ರೂ ಖರೇನ ಕೇಳ್ತಾರೋ, ಕನಿಕರಕ್ಕ ಕೇಳ್ತಾರೋ ತಿಳಿಯದಂಗ ಆತ ನೋಡು."

ಲೋಟ ಎತ್ತಿಕೊಂಡು ಒಳಗೆ ಹೋದೆ.